ಜೆಟ್ ಬದಲಿಸುವ ಹೊತ್ತು

ಹೂಮಳೆ ಕೈಕೊಟ್ಟ ಮಾರ್ಚ್. ಅಮ್ಮತ್ತಿಯಾಚೆ ಒಂದು ಕೆರೆ,
ದಡದಲ್ಲಿ ಡೀಸೆಲ್ ಎಂಜಿನ್ನು.
ಈ ವರ್ಷ ರೊಬಸ್ಟಾಕ್ಕೆ ನಾವೇ ಮಳೆ.
ಮೂರು ಗಂಟೆಗೊಮ್ಮೆ ಜೆಟ್ ಬದಲಿಸಬೇಕು:
ಪೈಪು ಕಳಚು, ಹೆಗಲಿಗೆ ಹಾಕು, ಮುಂದಿನ ಸಾಲಿಗೆ ಜೋಡಿಸು.
ನಡುವಿನ ಹೊತ್ತು ನನ್ನದು.

ಖಾಲಿಯಾದ ಕಾಫಿ ಕಣದಲ್ಲಿ
ಎಂಟಿಂಚು ಕನ್ನಡಿಯ ದೂರದರ್ಶಕ.
ಸಿಮೆಂಟು ಹಗಲಿನ ಬಿಸಿಯನ್ನು ಇನ್ನೂ ಬಿಡುತ್ತಿದೆ,
ನಕ್ಷತ್ರಗಳು ಎಸರಿನೊಳಗಿನ ಅಕ್ಕಿ.
ಒಂದು ಗಂಟೆಗೆ ಹಸ್ತ ದಕ್ಷಿಣದಲ್ಲಿ ನೆಟ್ಟಗೆ ನಿಂತಿತು.
ಅದರ ಹೆಬ್ಬೆರಳಿನಾಚೆ, ಬರಿಗಣ್ಣಿಗೆ ಏನೂ ಇಲ್ಲದಲ್ಲಿ,
ಎರಡು ಗ್ಯಾಲಕ್ಸಿಗಳು
ಒಂದರೊಳಗೊಂದು ಹೋಗುತ್ತಿವೆ.

ಹೋಗುತ್ತಿವೆ ಅನ್ನುವುದು ನನ್ನ ವ್ಯಾಕರಣ.
ಈ ಬೆಳಕು ಹೊರಟ ದಿನ
ಬ್ರಹ್ಮಗಿರಿಯಲ್ಲಿ ಆನೆ ಇರಲಿಲ್ಲ,
ಆನೆ ಅನ್ನುವುದೇ ಇನ್ನೂ ಆಗಿರಲಿಲ್ಲ.

ಪೋಕರ್ ಮೇಸ್ತ್ರಿ ಗ್ರೀಸಿನ ಕೈಯನ್ನು ಬೆನ್ನಹಿಂದೆ ಕಟ್ಟಿ ಬಗ್ಗಿದರು.
‘ಇದೇನಾ ಟೀಚರೇ? ಯಾರೋ ಗಾಜಿನ ಮೇಲೆ ಉಸಿರು ಬಿಟ್ಟಿದ್ದಾರೆ.’
ನೇರ ನೋಡಬೇಡಿ, ಕಣ್ಣಂಚಿನಲ್ಲಿ ನೋಡಿ ಅಂದೆ.
‘ಹೆಣ್ಣು ನೋಡಲು ಹೋದ ಹಾಗೆ,’ ಅಂದರು.
ಆಮೇಲೆ ಬಹಳ ಹೊತ್ತು ಸುಮ್ಮನೆ.
‘ಯಾವುದು ಯಾವುದನ್ನು ನುಂಗುತ್ತಿದೆ?’

ನುಂಗುವುದಲ್ಲ, ಅಂದೆ.
ಸೂರ್ಯ ಈ ಕಣದಲ್ಲೊಂದು ಸಾಸಿವೆ ಅಂತಾದರೆ
ಪಕ್ಕದ ಸಾಸಿವೆ ಮಡಿಕೇರಿ ದಾಟಿ ಎಲ್ಲೋ.
ನಕ್ಷತ್ರಕ್ಕೆ ನಕ್ಷತ್ರ ತಾಗುವುದಿಲ್ಲ,
ತಾಗುವುದು ನಡುವಿನ ಅನಿಲ ಮಾತ್ರ.

ಆರು ವರ್ಷದಲ್ಲಿ ಹನ್ನೊಂದು ಸಾವಿರ ಚಿತ್ರ ನೋಡಿದ್ದೇನೆ.
ಪ್ರತಿಯೊಂದಕ್ಕೂ ಮೂರು ಖಾನೆ:
ಕೂಡುತ್ತಿದೆ. ಕೂಡುತ್ತಿಲ್ಲ. ಹೇಳಲಾಗದು.
ಕೂಡಿದ್ದಕ್ಕೇ ನಡುವಿನ ಕೃಷ್ಣರಂಧ್ರ ಎಚ್ಚರಾಯಿತೇ
ಎಂಬುದು ನನ್ನ ಪ್ರಬಂಧ.
ಸುತ್ತಮುತ್ತ ಯಾರೂ ಇಲ್ಲದ ಒಂಟಿಯೊಂದು
ಧಗಧಗ ಉರಿಯುತ್ತಿರುತ್ತದೆ.
ಇನ್ನೊಂದು ಚಿಂದಿಯಾಗಿದೆ, ಬಾಲ ಹರಿದು ಬಾನಿಗೆ ಚೆಲ್ಲಿದೆ,
ನಡುವಿನಲ್ಲಿ ಮಾತ್ರ ಗಾಢ ನಿದ್ದೆ.
ಹಸ್ತದ ಬಳಿಯ ಈ ಜೋಡಿಯೂ ಹಾಗೇ.

‘ಗ್ಯಾಸ್ ಇದೆ, ಬಾಯಿ ಇದೆ. ಕುಡಿಯಲು ಏನು ರೋಗ?’
ಗ್ಯಾಸ್ ಸುತ್ತುತ್ತಿರುತ್ತದೆ ಮೇಸ್ತ್ರಿ,
ಸುತ್ತುವ ಹಟ ಬಿಡದೆ ಒಳಗೆ ಬೀಳುವುದಿಲ್ಲ.

ಅಷ್ಟರಲ್ಲಿ ಎಂಜಿನ್ನು ಕೆಮ್ಮಿತು.
ಟಾರ್ಚು ಹಿಡಿದು ಓಡಿದೆವು.
ಕೆರೆ ಇಳಿದಿತ್ತು. ಫುಟ್‌ವಾಲ್ವಿನ ಮೇಲೆ
ಒಂದು ಸುಳಿ,
ಅದರ ಕೊರಳಿನಲ್ಲಿ ಕತ್ತಲು. ಒಣ ಎಲೆಯೊಂದು
ಹತ್ತಿರ ಬಂದಷ್ಟೂ ವೇಗವಾಗಿ, ಮತ್ತಷ್ಟು ವೇಗವಾಗಿ, ಇಲ್ಲ.
ಗಾಳಿ ಎಳೆದುಕೊಂಡ ಪಂಪು ನಿಂತೇ ಬಿಟ್ಟಿತು.
ದೂರದ ಏರಿಯಲ್ಲಿ, ಸಿಲ್ವರ್ ಓಕಿನೆತ್ತರಕ್ಕೆ ಚಿಮ್ಮುತ್ತಿದ್ದ ಜೆಟ್
ತಲೆ ತಗ್ಗಿಸಿತು.
ನನ್ನ ಪ್ರಬಂಧದಲ್ಲೂ ಅದಕ್ಕೆ ಅದೇ ಹೆಸರು.
ಇಲ್ಲಿ ಕಾಣದ ಬಾಯಿ, ಅಲ್ಲಿ ಕಾಣುವ ಚಿಮ್ಮು.
ಹೋಲಿಕೆಯನ್ನು ಇಲ್ಲಿಗೇ ಬಿಡುತ್ತೇನೆ;
ಅಲ್ಲಿ ಡೀಸೆಲ್ ಹೊಯ್ಯುವವರಿಲ್ಲ.

ಮೇಸ್ತ್ರಿ ವಾಲ್ವನ್ನು ಆಳಕ್ಕೆ ತಳ್ಳಿದರು.
ಕೊಡದಲ್ಲಿ ನೀರು ತಂದು ಪಂಪಿನ ಬಾಯಿಗೆ ಸುರಿದರು,
ಒಂದು, ಎರಡು, ಮೂರು.
‘ಮೊದಲು ನಾವು ಕುಡಿಸಬೇಕು,
ಆಮೇಲೆ ಅದೇ ಕುಡಿಯುತ್ತದೆ.’
ನಾನು ಕೊಡ ಹಿಡಿದೇ ನಿಂತೆ.
ಆ ಮೊದಲ ಕೊಡ
ಎಲ್ಲಿಂದ ಬರುತ್ತದೆ ಅನ್ನುವುದಷ್ಟೇ
ಆರು ವರ್ಷದ ನನ್ನ ಪ್ರಶ್ನೆ.
ಪಕ್ಕದ ಗ್ಯಾಲಕ್ಸಿ ತರುತ್ತದೆ ಅಂತ ಬರೆದಿದ್ದೆ.
ಕೆಲವೊಮ್ಮೆ ತರುತ್ತದೆ.

ನಾಲ್ಕಕ್ಕೆ ಮೇಸ್ತ್ರಿ ಅತ್ತಾಳದ ಬುತ್ತಿ ಬಿಚ್ಚಿದರು,
ಉಪವಾಸದ ಮೂರನೇ ದಿನ.
ಪತ್ತಿರಿಯಲ್ಲಿ ಅರ್ಧ ನನಗೆ.
ಇನ್ನು ಎಂಟು ದಿನಕ್ಕೆ ಈ ಏರಿಯೆಲ್ಲ
ಒಂದೇ ಬೆಳಗ್ಗೆ ಬೆಳ್ಳಗಾಗುತ್ತದೆ.

ಪಶ್ಚಿಮಕ್ಕೆ ವಾಲಿದ ಹಸ್ತವನ್ನು ಇನ್ನೊಮ್ಮೆ ನೋಡಿದೆ.
ಎರಡು ಮಸುಕಿನ ಪಕ್ಕ ಮೂರನೆಯದೊಂದು!
ಗಡಿಬಿಡಿಯಲ್ಲಿ ನೋಟ್‌ಬುಕ್ಕಿನಲ್ಲಿ ಗುರುತೂ ಹಾಕಿದೆ.
ಮೇಸ್ತ್ರಿಯ ಹೆಬ್ಬೆರಳು, ಗ್ರೀಸು.
ಅಂಗಿಯ ತುದಿಯಿಂದ ಗಾಜು ಒರೆಸಿದೆ.
ಗುರುತನ್ನು ಹೊಡೆದು ಹಾಕಲಿಲ್ಲ.